ಭಾಷೆ ಬಾರದಿದ್ದರೂ ಸ್ಪೇನ್, ಬ್ರೆಜಿಲ್, ಅರ್ಜೆಂಟೀನಾ ಪತ್ರಿಕೆ ಓದುವುದು ಹೇಗೆ

ಅರ್ಜೆಂಟೀನಾದಲ್ಲಿ ಚುನಾವಣೆ ನಡೆಯಲಿ, ಬ್ರೆಜಿಲ್‌ನ ಮಾಜಿ ಅಧ್ಯಕ್ಷರು ಕೋರ್ಟು ಹತ್ತಲಿ, ಹೊರಗಿನವರಿಗೆ ಸಿಗುವುದು ಇಂಗ್ಲಿಷ್ ಸುದ್ದಿಸಂಸ್ಥೆ ಕಳಿಸಿದ ನಾಲ್ಕು ಪ್ಯಾರಾ ಮಾತ್ರ. ಅಲ್ಲಿನ ಜನ ಬೆಳಿಗ್ಗೆ ಏನು ಓದಿದರು, ರಾತ್ರಿ ಟಿವಿಯಲ್ಲಿ ಏನು ನೋಡಿ ಕಿತ್ತಾಡಿದರು ಅನ್ನುವುದು ಅದರಲ್ಲಿ ಇರುವುದಿಲ್ಲ. ಈಗ ಬ್ರೌಸರ್‌ನಲ್ಲೇ ಅನುವಾದ ಸಿಗುತ್ತದೆ, ಹಾಗಾಗಿ ಭಾಷೆ ದೊಡ್ಡ ಅಡ್ಡಿಯಲ್ಲ. ತೊಡಕು ಬೇರೆ ಕಡೆ ಇದೆ. ಯಾವ ಪತ್ರಿಕೆ ಯಾರದ್ದು, ಯಾರಿಗೆ ಯಾರ ಮೇಲೆ ಹಳೇ ಸಿಟ್ಟು ಅನ್ನುವುದು ಗೊತ್ತಿಲ್ಲದಿದ್ದರೆ, ಪ್ರತಿ ಸಾಲು ಅರ್ಥವಾದರೂ ಸುದ್ದಿ ಅರ್ಥವಾಗುವುದಿಲ್ಲ. ಅದಕ್ಕೇ ಇಲ್ಲಿ ಜಾಸ್ತಿ ಮಾತು ಮಾಲೀಕರ ಬಗ್ಗೆ.

ಮೊದಲು ಒಂದೇ ಒಂದು ದೇಶ ಆರಿಸಿಕೊಳ್ಳಿ. ಸ್ಪ್ಯಾನಿಷ್ ಆಡುವ ದೇಶಗಳೇ 20 ಇವೆ. ಪೋರ್ಚುಗೀಸಿಗೆ ಬ್ರೆಜಿಲ್, ಪೋರ್ಚುಗಲ್ ಜೊತೆಗೆ ಅಂಗೋಲಾ, ಮೊಜಾಂಬಿಕ್, ಕೇಪ್ ವರ್ಡೆ, ಗಿನಿ ಬಿಸಾವ್ ಎಲ್ಲ ಸೇರುತ್ತವೆ. "ಲ್ಯಾಟಿನ್ ಅಮೆರಿಕದ ಸುದ್ದಿ ಓದುತ್ತೇನೆ" ಅಂತ ಒಟ್ಟಿಗೆ ಹೊರಟರೆ ಒಂದು ವಾರಕ್ಕೇ ಸಾಕಾಗಿಹೋಗುತ್ತದೆ. ಫುಟ್‌ಬಾಲ್ ಇಷ್ಟವೋ, ಆರ್ಥಿಕತೆ ಇಷ್ಟವೋ, ಅದನ್ನು ಹಿಡಿದು ಒಂದು ದೇಶಕ್ಕೆ ಹೋಗಿ, ಅಲ್ಲೇ ಒಂದಷ್ಟು ದಿನ ಇರಿ.

ಹೆಸರು ನೋಡಿ ಮೋಸ ಹೋಗಬೇಡಿ

ಹೊಸಬರು ಮೊದಲು ಎಡವುವುದು ಇಲ್ಲೇ. ಒಂದೇ ಹೆಸರಿನ ಪತ್ರಿಕೆ ನಾಲ್ಕು ದೇಶದಲ್ಲಿ ಇರುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ಎಲ್ ಪಯೀಸ್ ಅಂದರೆ ಜಗತ್ತಿಗೆ ಗೊತ್ತಿರುವುದು ಮ್ಯಾಡ್ರಿಡ್‌ನದು. ಆದರೆ ಉರುಗ್ವೆಯ ಎಲ್ ಪಯೀಸ್ 1918ರಷ್ಟು ಹಳೆಯದು, ಕೊಲಂಬಿಯಾದ ಕಾಲಿ ನಗರದಲ್ಲೂ ಒಂದಿದೆ. ಎಬಿಸಿ ಸ್ಪೇನ್‌ನದು, ಎಬಿಸಿ ಕಲರ್ ಪರಾಗ್ವೆಯದು. ಎಲ್ ಕೊಮೆರ್ಸಿಯೊ ಪೆರುವಿನಲ್ಲೂ ಇದೆ, ಎಕ್ವಡಾರ್‌ನಲ್ಲೂ ಇದೆ. ಲಾ ನಸಿಯೋನ್ ಅಂತ ಅರ್ಜೆಂಟೀನಾ, ಕೋಸ್ಟರಿಕಾ, ಪರಾಗ್ವೆ ಮೂರರಲ್ಲೂ ಇದೆ. ಎಲ್ ಯೂನಿವರ್ಸಲ್ ಮೆಕ್ಸಿಕೋದಲ್ಲಿ ಒಂದು, ವೆನೆಜುವೆಲಾದಲ್ಲಿ ಇನ್ನೊಂದು. "ಲಾ ಪ್ರೆನ್ಸಾ ವರದಿ ಮಾಡಿದೆ" ಅಂತ ಯಾರಾದರೂ ಟ್ವೀಟ್ ಹಾಕಿದರೆ ನಿಕರಾಗುವಾದ್ದಾ, ಪನಾಮಾದ್ದಾ, ಹೊಂಡುರಾಸ್‌ದ್ದಾ ಅಂತ ಕೇಳಲೇಬೇಕು.

ಉಪಾಯ ಸುಲಭ. ವೆಬ್ ವಿಳಾಸದ ಕೊನೆ ನೋಡಿ. ಡಾಟ್ ಯುವೈ ಇದ್ದರೆ ಉರುಗ್ವೆ, ಪಿವೈ ಪರಾಗ್ವೆ, ಎಆರ್ ಅರ್ಜೆಂಟೀನಾ, ಬಿಆರ್ ಬ್ರೆಜಿಲ್, ಪಿಟಿ ಪೋರ್ಚುಗಲ್. ಸುಮ್ನೆ ಡಾಟ್ ಕಾಮ್ ಇದ್ದರೆ ಪುಟದ ಕೆಳಗೆ ಇಳಿದು ಕಚೇರಿ ವಿಳಾಸ ನೋಡಿ.

ಜೋಡಿ ಕಟ್ಟಿ ಓದಿ

ಒಂದು ದೇಶದಿಂದ ಎರಡು ಪತ್ರಿಕೆ ತೆಗೆದುಕೊಳ್ಳಿ, ಎರಡೂ ಒಂದಕ್ಕೊಂದು ಆಗದವು ಆಗಿರಲಿ. ಒಂದೇ ದಿನದ ಎರಡು ಮುಖಪುಟ ಪಕ್ಕ ಪಕ್ಕ ಇಟ್ಟುಕೊಂಡು ನೋಡಿ. ಕಿಯೋಸ್ಕೊ ಡಾಟ್ ನೆಟ್ ಅನ್ನುವ ತಾಣದಲ್ಲಿ ಹಲವು ದೇಶಗಳ ಮುಖಪುಟದ ಚಿತ್ರ ದಿನಾ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಈ ಅಭ್ಯಾಸಕ್ಕೆ ಅರ್ಜೆಂಟೀನಾದಷ್ಟು ಒಳ್ಳೆಯ ದೇಶ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿನ ದೊಡ್ಡಣ್ಣ ಕ್ಲಾರಿನ್, 1945ರಲ್ಲಿ ರೊಬೆರ್ತೊ ನೋಬ್ಲೆ ಶುರು ಮಾಡಿದ್ದು. ಅದೇ ಗುಂಪಿನ ಕೈಯಲ್ಲಿ ಎಲ್ ತ್ರೆಸೆ ಚಾನೆಲ್, ಟಿಎನ್ ಅನ್ನುವ ಸುದ್ದಿವಾಹಿನಿ, ರೇಡಿಯೊ ಮಿತ್ರೆ ಎಲ್ಲ ಇವೆ. 2008ರಲ್ಲಿ ರೈತರ ರಫ್ತು ತೆರಿಗೆಯ ಗಲಾಟೆ ನಡೆದಾಗ ಕ್ರಿಸ್ತಿನಾ ಕಿರ್ಚ್‌ನರ್ ಸರ್ಕಾರಕ್ಕೂ ಈ ಗುಂಪಿಗೂ ಮುರಿದುಬಿತ್ತು. ಮರುವರ್ಷವೇ ಸರ್ಕಾರ ಮಾಧ್ಯಮ ಕಾನೂನು ತಂದು ಗುಂಪನ್ನು ಒಡೆಯಲು ಹೊರಟಿತು, ಕೇಸು ವರ್ಷಗಟ್ಟಲೆ ಎಳೆಯಿತು, 2013ರಲ್ಲಿ ಸುಪ್ರೀಂ ಕೋರ್ಟು ಕಾನೂನು ಸರಿ ಅಂದಿತು, 2015ರ ಕೊನೆಗೆ ಮಕ್ರಿ ಅಧ್ಯಕ್ಷರಾದ ಕೂಡಲೇ ಸುಗ್ರೀವಾಜ್ಞೆಯಲ್ಲಿ ಅದರ ಹಲ್ಲು ಕಿತ್ತರು. "ಕ್ಲಾರಿನ್ ಸುಳ್ಳು ಹೇಳುತ್ತದೆ" ಅನ್ನುವ ಘೋಷಣೆ ಆ ಕಾಲದಲ್ಲಿ ಪೋಸ್ಟರುಗಳ ಮೇಲೆಲ್ಲ ಇತ್ತು. ಇಷ್ಟು ಗೊತ್ತಿದ್ದು ಕ್ಲಾರಿನ್ ಓದಿದರೆ ಕಿರ್ಚ್‌ನರ್ ಬಗ್ಗೆ ಅದರ ಶೀರ್ಷಿಕೆ ಯಾಕೆ ಹಾಗೆ ಚುಚ್ಚುತ್ತದೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಅದರ ಎದುರಿಗೆ ಪಾಹಿನಾ 12 ಇಡಿ. ಸೇನಾ ಆಡಳಿತ 1983ರಲ್ಲಿ ಹೋದ ಮೇಲೆ, 1987ರಲ್ಲಿ ಹುಟ್ಟಿದ ಎಡಪಂಥೀಯ ಪತ್ರಿಕೆ. ಮುಖಪುಟದ ಶೀರ್ಷಿಕೆಯಲ್ಲಿ ಚೇಷ್ಟೆ ಜಾಸ್ತಿ. ಆದರೆ ಒಳಪುಟದಲ್ಲಿ, ಸೇನೆ ಎತ್ತಿಕೊಂಡು ಹೋಗಿ ಮತ್ತೆ ಸಿಗದೇ ಹೋದವರ ಪುಟ್ಟ ಫೋಟೊ ಮತ್ತು ಮನೆಯವರ ನಾಲ್ಕು ಸಾಲು ವರ್ಷಗಳಿಂದ ಅಚ್ಚಾಗುತ್ತ ಬಂದಿವೆ. ಮೂರನೆಯದು ಬೇಕೆಂದರೆ ಲಾ ನಸಿಯೋನ್. 1870ರಲ್ಲಿ ಮಾಜಿ ಅಧ್ಯಕ್ಷ ಬಾರ್ತೊಲೊಮೆ ಮಿತ್ರೆ ಸ್ಥಾಪಿಸಿದ್ದು, ಸಂಪ್ರದಾಯವಾದಿ, ಗದ್ದೆ-ಹುಲ್ಲುಗಾವಲಿನ ದೊಡ್ಡ ಜಮೀನ್ದಾರರ ಕಡೆಗೆ ಒಲವು. ಇನ್ಫೊಬೇ ಉಚಿತ, ವೇಗ, ಆದರೆ ಶೀರ್ಷಿಕೆಗಳ ಮಳೆ. ಬ್ರೇಕಿಂಗ್ ಸುದ್ದಿಗೆ ಸಾಕು. ಇನ್ನೊಂದು ವಿಷಯ, ಹಳೇ ಲಿಂಕುಗಳಲ್ಲಿ ತೆಲಾಮ್ ಅನ್ನುವ ಸರ್ಕಾರಿ ಸುದ್ದಿಸಂಸ್ಥೆ ಕಂಡರೆ ಹುಡುಕಲು ಹೋಗಬೇಡಿ. ಅಧ್ಯಕ್ಷ ಮಿಲೆಯ್ ಸರ್ಕಾರ 2024ರಲ್ಲಿ ಅದರ ಸುದ್ದಿ ಕೆಲಸ ನಿಲ್ಲಿಸಿತು.

ಸ್ಪೇನ್‌ನಲ್ಲಿ ಜೋಡಿ ಕಟ್ಟುವುದು ಸುಲಭ. ಎಲ್ ಪಯೀಸ್ ಮತ್ತು ಎಬಿಸಿ. ಸರ್ವಾಧಿಕಾರಿ ಫ್ರಾಂಕೊ ಸತ್ತ ಕೆಲವೇ ತಿಂಗಳಿಗೆ, 1976ರ ಮೇ 4ರಂದು ಎಲ್ ಪಯೀಸ್ ಹೊರಬಂತು. 1981ರ ಫೆಬ್ರವರಿ 23ರಂದು ಸಿವಿಲ್ ಗಾರ್ಡ್ ಅನ್ನುವ ಅರೆಸೇನಾ ಪೊಲೀಸರು ಬಂದೂಕು ಹಿಡಿದು ಸಂಸತ್ತಿಗೆ ನುಗ್ಗಿದಾಗ, ಮುಂದೇನು ಅಂತ ಯಾರಿಗೂ ಗೊತ್ತಿಲ್ಲದ ಆ ರಾತ್ರಿಯೇ ವಿಶೇಷ ಸಂಚಿಕೆ ತಂದು ಸಂವಿಧಾನದ ಪರ ನಿಂತಿತು. ಆ ಹೆಸರು ಇನ್ನೂ ಅದಕ್ಕೆ ಉಳಿದಿದೆ. ಇವತ್ತು ಅದು ಸಮಾಜವಾದಿ ಪಕ್ಷಕ್ಕೆ ಹತ್ತಿರ ಅಂತಲೇ ಎಲ್ಲರೂ ಓದುತ್ತಾರೆ. ಎಬಿಸಿ 1903ರದ್ದು, ರಾಜನ ಪರ, ಚರ್ಚಿನ ಪರ. ಎಲ್ ಮುಂದೊ 1989ರಲ್ಲಿ ಬಂತು, ಬಲಕ್ಕೆ ವಾಲಿದ್ದು. ಕತಲೂನ್ಯಾ ಪ್ರಾಂತ್ಯದ ವಿಷಯ ಇದ್ದರೆ ಮಾತ್ರ ಮ್ಯಾಡ್ರಿಡ್ ಪತ್ರಿಕೆಗಳನ್ನು ಬದಿಗಿಟ್ಟು ಬಾರ್ಸಿಲೋನಾದ ಲಾ ವನ್ಗ್ವಾರ್ದಿಯಾ ತೆರೆಯಿರಿ. 1881ರಿಂದ ಇದೆ, 2011ರಿಂದ ಕತಲಾನ್ ಭಾಷೆಯಲ್ಲೂ ಬರುತ್ತಿದೆ. ಎಲ್ ಪಯೀಸ್ 2020ರಿಂದ ಚಂದಾ ಕೇಳುತ್ತದೆ. ಆಗದಿದ್ದರೆ ಎಲ್‌ಡಿಯಾರಿಯೊ ನೋಡಿ, ಅದು ಓದುಗ-ಸದಸ್ಯರ ದುಡ್ಡಿನಿಂದ ನಡೆಯುವ ಎಡಪಂಥೀಯ ತಾಣ.

ಮೆಕ್ಸಿಕೋಗೆ ರೆಫೋರ್ಮಾ ಮತ್ತು ಲಾ ಹೋರ್ನಾದಾ. ಮೊದಲನೆಯದು 1993ರದ್ದು, ವ್ಯಾಪಾರಿ ವರ್ಗದ ಮೆಚ್ಚಿನದು, ಈಗಿನ ಎಡ ಸರ್ಕಾರಕ್ಕೆ ಆಗಿಬರುವುದಿಲ್ಲ. ಎರಡನೆಯದು 1984ರದ್ದು, ಎಡಪಂಥೀಯ, ಸರ್ಕಾರಕ್ಕೆ ಮೆತ್ತಗೆ. ಇಲ್ಲಿ ಒಂದು ಒಳ್ಳೆ ಆಟ ಆಡಬಹುದು. 2018ರ ಕೊನೆಯಿಂದ ಮೆಕ್ಸಿಕೋ ಅಧ್ಯಕ್ಷರು ವಾರದ ದಿನಗಳಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಪತ್ರಿಕಾಗೋಷ್ಠಿ ಮಾಡುತ್ತಾರೆ. ಲೋಪೆಸ್ ಒಬ್ರಾದೋರ್ ಶುರು ಮಾಡಿದ್ದನ್ನು ಶೇನ್‌ಬಾಮ್ ಮುಂದುವರಿಸಿದ್ದಾರೆ, ಯೂಟ್ಯೂಬ್‌ನಲ್ಲಿ ನೇರವಾಗಿ ಸಿಗುತ್ತದೆ. ಅದರ ಹತ್ತು ನಿಮಿಷ ನೋಡಿ, ಆಮೇಲೆ ಅದೇ ಮಾತನ್ನು ಈ ಎರಡು ಪತ್ರಿಕೆ ಹೇಗೆ ಬರೆದವು ನೋಡಿ. ಒಂದೇ ಗೋಷ್ಠಿಗೆ ಹೋಗಿದ್ದರಾ ಇವರು ಅನ್ನಿಸುತ್ತದೆ.

ಮೆಕ್ಸಿಕೋದ ಅಪರಾಧ ಸುದ್ದಿ ಓದುವಾಗ ವರದಿಗಾರರ ಹೆಸರು ಇಲ್ಲದಿದ್ದರೆ ಅದು ಸೋಮಾರಿತನ ಅಂದುಕೊಳ್ಳಬೇಡಿ. ಜೀವ ಉಳಿಸಿಕೊಳ್ಳಲು ಹೆಸರು ಬಿಡುವ ರೂಢಿ ಅಲ್ಲಿದೆ. ಸಿನಲೋವಾ ಮಾದಕ ಜಾಲದ ಬಗ್ಗೆ ಬರೆಯುತ್ತಿದ್ದ, ಕುಲಿಯಾಕಾನ್‌ನ ರಿಯೋದೊಸೆ ವಾರಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರಾದ ಹವಿಯೆರ್ ವಾಲ್ದೆಸ್ ಅವರನ್ನು 2017ರ ಮೇ 15ರಂದು ಕಚೇರಿ ಹತ್ತಿರವೇ ಗುಂಡಿಟ್ಟು ಕೊಂದರು. ರಾಜಧಾನಿ ಪತ್ರಿಕೆಗಿಂತ ಇಂಥ ಊರಿನ ಪತ್ರಿಕೆಗಳೇ ಈ ವಿಷಯದಲ್ಲಿ ಮುಂದೆ.

ಕೊಲಂಬಿಯಾದಲ್ಲೂ ಹಾಗೇ. ಎಲ್ ಎಸ್ಪೆಕ್ತದೋರ್ 1887ರದ್ದು. ಅದರ ಸಂಪಾದಕ ಗಿಯೆರ್ಮೊ ಕಾನೊ ಮಾದಕ ದೊರೆ ಪಾಬ್ಲೊ ಎಸ್ಕೊಬಾರ್‌ನ ವ್ಯವಹಾರ ಬಯಲಿಗೆಳೆದರು, 1986ರ ಡಿಸೆಂಬರ್‌ನಲ್ಲಿ ಅವನ ಜನ ಅವರನ್ನು ಕೊಂದರು, 1989ರಲ್ಲಿ ಪತ್ರಿಕೆಯ ಕಟ್ಟಡಕ್ಕೇ ಬಾಂಬಿಟ್ಟರು. ಯುನೆಸ್ಕೋದ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿಗೆ ಅವರದೇ ಹೆಸರು. ಇವತ್ತು ಅದರ ಮಾಲೀಕರೂ ಕರಾಕೋಲ್ ಟಿವಿಯ ಮಾಲೀಕರೂ ಒಂದೇ ಉದ್ಯಮ ಗುಂಪು. ಎದುರಿಗೆ ಇಡಬೇಕಾದದ್ದು ಎಲ್ ತಿಯೆಂಪೊ, ಅದು ಬ್ಯಾಂಕ್ ದೊರೆ ಲೂಯಿಸ್ ಕಾರ್ಲೋಸ್ ಸರ್ಮಿಯೆಂತೊ ಕೈಗೆ ಹೋದದ್ದು. ಚಿಲಿಗೆ ಎಲ್ ಮೆರ್ಕುರಿಯೊ ಮತ್ತು ಲಾ ತೆರ್ಸೆರಾ. ಆದರೆ ಎರಡೂ ಬಲಕ್ಕೇ ಇವೆ, ಹಾಗಾಗಿ ಜೊತೆಗೆ ಸಿಪೆರ್ ಅನ್ನುವ ತನಿಖಾ ತಾಣ ಸೇರಿಸಿಕೊಳ್ಳಿ.

ಬ್ರೆಜಿಲ್ ಬೇರೆಯೇ ಲೋಕ

ಇಲ್ಲಿ ಪತ್ರಿಕೆಗಿಂತ ಮೊದಲು ಟಿವಿಯನ್ನು ಅರ್ಥ ಮಾಡಿಕೊಳ್ಳಬೇಕು. ಟಿವಿ ಗ್ಲೋಬೊ 1965ರ ಏಪ್ರಿಲ್ 26ರಂದು ಶುರುವಾಯಿತು. ಸೇನೆ ಅಧಿಕಾರ ಹಿಡಿದು ಆಗಿನ್ನೂ ಒಂದು ವರ್ಷ. 1969ರ ಸೆಪ್ಟೆಂಬರ್ 1ರಿಂದ ಜೋರ್ನಲ್ ನಸಿಯೊನಲ್ ಅನ್ನುವ ರಾತ್ರಿ ವಾರ್ತೆ ದೇಶಾದ್ಯಂತ ಒಟ್ಟಿಗೆ ಬಿತ್ತರವಾಗತೊಡಗಿತು. ಅದನ್ನು ಇಟ್ಟ ಜಾಗ ನೋಡಿ, ಎರಡು ಧಾರಾವಾಹಿಗಳ ನಡುವೆ. ಒಂದು ಮುಗಿದು ಇನ್ನೊಂದು ಶುರುವಾಗುವ ತನಕ ಮನೆಮಂದಿ ಎದ್ದು ಹೋಗುವುದಿಲ್ಲ, ಸುದ್ದಿ ನೋಡಿಯೇ ನೋಡುತ್ತಾರೆ. ಮಾಲೀಕ ರೊಬೆರ್ತೊ ಮರೀನ್ಯೊ ಬುದ್ಧಿವಂತ, ಅಲ್ವಾ?

ಗ್ಲೋಬೊ ಮೇಲೆ ಎಡದವರ ಸಿಟ್ಟಿಗೆ ಹಳೇ ಕಾರಣ ಇದೆ. 1989ರ ಅಧ್ಯಕ್ಷ ಚುನಾವಣೆಯಲ್ಲಿ ಎಡದ ಲುಲಾ ಮತ್ತು ಬಲದ ಕೊಲೊರ್ ನಡುವಿನ ಕೊನೆಯ ಚರ್ಚೆಯನ್ನು ಕತ್ತರಿಸಿ ತೋರಿಸಿದ ರೀತಿ ಕೊಲೊರ್‌ಗೆ ಅನುಕೂಲವಾಗಿತ್ತು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. 1964ರ ಸೇನಾ ಕ್ರಾಂತಿಯನ್ನು ಬೆಂಬಲಿಸಿದ್ದು ತಪ್ಪು ಅಂತ ಓ ಗ್ಲೋಬೊ ಪತ್ರಿಕೆ ಒಪ್ಪಿಕೊಂಡದ್ದು 2013ರಲ್ಲಿ. ಮಜಾ ಏನೆಂದರೆ ಬಲಪಂಥೀಯ ನಾಯಕ ಬೊಲ್ಸೊನಾರೊ ಬಂದ ಮೇಲೆ ಬಲದವರಿಗೂ ಗ್ಲೋಬೊ ಕಂಡರೆ ಆಗುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ಗ್ಲೋಬೊದಲ್ಲಿ ಅಭ್ಯರ್ಥಿಗಳ ಚರ್ಚೆ ನಡೆಯುತ್ತಿದ್ದ ಹೊತ್ತಿಗೇ ಬೊಲ್ಸೊನಾರೊ ಸಂದರ್ಶನ ರೆಕಾರ್ಡ್ ಟಿವಿಯಲ್ಲಿ ಬಂತು. ರೆಕಾರ್ಡ್ ಯಾರದ್ದು? ಯೂನಿವರ್ಸಲ್ ಚರ್ಚ್ ಕಟ್ಟಿದ ಪಾದ್ರಿ ಎದಿರ್ ಮಸೆದೊ ಅವರದು, 1989ರಲ್ಲಿ ಕೊಂಡದ್ದು. ಮೂರನೇ ದೊಡ್ಡದು ಎಸ್‌ಬಿಟಿ, 1981ರಲ್ಲಿ ಸಿಲ್ವಿಯೊ ಸಾಂತೋಸ್ ಕಟ್ಟಿದ್ದು, ಆಟ-ಮನರಂಜನೆ ಜಾಸ್ತಿ.

ಪತ್ರಿಕೆಯಲ್ಲಿ ಫೋಲ್ಯ ದೆ ಸಾವೊ ಪಾಲೊ ಮತ್ತು ಎಸ್ತಾದಾವ್ ಜೋಡಿ ಹಿಡಿಯಿರಿ. ಎಸ್ತಾದಾವ್ 1875ರಷ್ಟು ಹಳೆಯದು, ಸಂಪ್ರದಾಯವಾದಿ. 1970ರ ದಶಕದಲ್ಲಿ ಸೇನೆಯ ಸೆನ್ಸಾರ್‌ನವರು ಸುದ್ದಿ ಕಿತ್ತುಹಾಕಿದಾಗ ಆ ಜಾಗ ಖಾಲಿ ಬಿಡದೆ ಕವಿ ಕಮೊಯ್ಸ್‌ರ ಪದ್ಯ ಅಚ್ಚು ಹಾಕಿತು. ಅದೇ ಮನೆಯ ಸಂಜೆ ಪತ್ರಿಕೆ ಅಡುಗೆ ವಿಧಾನ ಹಾಕಿತು. ಓದುಗರಿಗೆ ವಿಷಯ ಅರ್ಥವಾಯಿತು. ಫೋಲ್ಯ 1921ರದ್ದು, ಸ್ವಲ್ಪ ಹೆಚ್ಚು ಉದಾರವಾದಿ. 1989ರಿಂದ ಒಂಬುಡ್ಸ್‌ಮನ್ ಇಟ್ಟುಕೊಂಡಿದೆ. ಆ ಅಂಕಣ ತಪ್ಪದೇ ಓದಿ, ಪತ್ರಿಕೆಯ ಸಂಬಳ ತಿಂದುಕೊಂಡೇ ಪತ್ರಿಕೆಯನ್ನು ಬೈಯುವ ಕೆಲಸ ಅದು, ಬ್ರೆಜಿಲ್ ಮಾಧ್ಯಮದ ಒಳಗುಟ್ಟು ತಿಳಿಯಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. ದುಡ್ಡು ಕೊಡದೆ ಓದಬೇಕೆಂದರೆ ಗ್ಲೋಬೊದವರ ಜಿ1 ತಾಣ ಇದೆ.

ಈ ಪತ್ರಿಕೆಗಳು ಪರಸ್ಪರ ಕಚ್ಚಾಡುತ್ತವೆ ನಿಜ, ಒಟ್ಟಾದದ್ದೂ ಇದೆ. 2020ರ ಜೂನ್‌ನಲ್ಲಿ ಸರ್ಕಾರ ಕೋವಿಡ್ ಲೆಕ್ಕ ಮರೆಮಾಡಲು ನೋಡಿದಾಗ ಫೋಲ್ಯ, ಎಸ್ತಾದಾವ್, ಓ ಗ್ಲೋಬೊ, ಜಿ1, ಯುಒಎಲ್ ಮೊದಲಾದವು ಕೈಜೋಡಿಸಿ, ರಾಜ್ಯಗಳಿಂದಲೇ ಅಂಕಿ ತರಿಸಿ ದಿನಾ ಪ್ರಕಟಿಸಿದವು. ಬ್ರೆಜಿಲ್‌ನ ವಾಟ್ಸಾಪ್ ವದಂತಿ ನಿಮ್ಮ ತನಕ ಬಂದರೆ ಸುದ್ದಿ ನಿಜವೋ ಸುಳ್ಳೋ ಪರಿಶೀಲಿಸುವ ಲುಪಾ, ಆವ್ಸ್ ಫಾತೋಸ್ ಎರಡು ತಾಣಗಳಲ್ಲಿ ಹುಡುಕಿ.

ದೇಶದಲ್ಲಿ ಇಲ್ಲದ ಪತ್ರಿಕೆಗಳು

ಕೆಲವು ದೇಶಗಳಲ್ಲಿ ಜೋಡಿ ಸೂತ್ರ ನಡೆಯುವುದಿಲ್ಲ. ಒಂದು ಕಡೆಯವರು ಊರು ಬಿಟ್ಟಿರುತ್ತಾರೆ. ನಿಕರಾಗುವಾದ ಲಾ ಪ್ರೆನ್ಸಾ 1926ರದ್ದು. 1978ರಲ್ಲಿ ಸರ್ವಾಧಿಕಾರಿ ಸೊಮೊಸಾ ಕಾಲದಲ್ಲಿ ಅದರ ಸಂಪಾದಕ ಪೆದ್ರೊ ಹೋಕಿನ್ ಚಮೊರೊ ಕೊಲೆಯಾದರು, 2021ರಲ್ಲಿ ಅಧ್ಯಕ್ಷ ಒರ್ತೆಗಾ ಅವರ ಪೊಲೀಸರು ಮುದ್ರಣಾಲಯವನ್ನೇ ವಶಪಡಿಸಿಕೊಂಡರು. ಈಗ ಹೊರದೇಶದಿಂದ ಆನ್‌ಲೈನ್‌ನಲ್ಲಿ ನಡೆಯುತ್ತಿದೆ. ಎಲ್ ಸಾಲ್ವಡಾರ್‌ನ ಎಲ್ ಫಾರೊ 1998ರಿಂದ ಇರುವ ಇಂಟರ್ನೆಟ್ ಪತ್ರಿಕೆ, 2023ರಲ್ಲಿ ತನ್ನ ಕಾನೂನು ವಿಳಾಸ ಕೋಸ್ಟರಿಕಾಗೆ ಸಾಗಿಸಿತು. ಗ್ವಾಟೆಮಾಲಾದ ಎಲ್‌ಪೆರಿಯೋದಿಕೊ ಸ್ಥಾಪಕ ಹೋಸೆ ರುಬೆನ್ ಸಮೋರಾ 2022ರಲ್ಲಿ ಜೈಲಿಗೆ ಹೋದರು, ಮರುವರ್ಷ ಪತ್ರಿಕೆ ಮುಚ್ಚಿತು. ವೆನೆಜುವೆಲಾದಲ್ಲಿ 2007ರಲ್ಲಿ ಆರ್‌ಸಿಟಿವಿ ಚಾನೆಲ್‌ನ ಪರವಾನಗಿ ನವೀಕರಿಸಲಿಲ್ಲ, 2018ರ ಕೊನೆಗೆ ಎಲ್ ನಸಿಯೊನಲ್ ಪತ್ರಿಕೆ ಕಾಗದದಲ್ಲಿ ಅಚ್ಚಾಗುವುದು ನಿಂತಿತು. ಈಗ ಅಲ್ಲಿನ ಸುದ್ದಿಗೆ ಎಫೆಕ್ತೊ ಕೊಕುಯೊ, ಎಲ್ ಪಿತಾಸೊ, ಅರ್ಮಾಂದೊ ಇನ್ಫೊ ತಾಣಗಳು. ಕ್ಯೂಬಾಗೆ ಸರ್ಕಾರಿ ಪಕ್ಷದ ಗ್ರಾನ್ಮಾ ಒಂದು ಕಡೆ, 2014ರಿಂದ ಯೋವಾನಿ ಸಾಂಚೆಸ್ ನಡೆಸುವ 14ಇಮೇದಿಯೊ (14ymedio) ತಾಣ ಇನ್ನೊಂದು ಕಡೆ. ಇಂಥ ತಾಣಗಳಲ್ಲಿ ಸರ್ಕಾರದ ಮೇಲಿನ ಸಿಟ್ಟು ಸಹಜವಾಗಿಯೇ ಇರುತ್ತದೆ, ಅದನ್ನು ಗಮನದಲ್ಲಿಟ್ಟುಕೊಂಡು ಓದಿ. ಸರ್ಕಾರ ಏನು ಹೇಳಿಸಲು ನೋಡುತ್ತಿದೆ ಅಂತ ತಿಳಿಯಲು ಗ್ರಾನ್ಮಾ ಕೂಡ ಬೇಕು.

ಅಂಕಿಗಳ ಗುಂಡಿ

ಅನುವಾದ ಯಂತ್ರ ಎಷ್ಟು ಚೆನ್ನಾಗಿದ್ದರೂ ಇಲ್ಲಿ ಬೀಳುವವರು ಬಹಳ. ಸ್ಪೇನ್, ದಕ್ಷಿಣ ಅಮೆರಿಕದ ಬಹುತೇಕ ದೇಶಗಳು, ಬ್ರೆಜಿಲ್, ಪೋರ್ಚುಗಲ್ ಎಲ್ಲೆಡೆ ಚುಕ್ಕಿ ಮತ್ತು ಅಲ್ಪವಿರಾಮ ತಿರುಗುಮುರುಗು. 1.500 ಅಂದರೆ ಒಂದೂವರೆ ಸಾವಿರ, 1,5 ಅಂದರೆ ಒಂದೂವರೆ. ಆದರೆ ಮೆಕ್ಸಿಕೋದಲ್ಲಿ ನಾವು ಬರೆಯುವ ರೀತಿಯೇ. ಇನ್ನು ಸ್ಪ್ಯಾನಿಷ್‌ನಲ್ಲಿ ಬಿಲ್ಯೋನ್ ಅಂದರೆ ಲಕ್ಷ ಕೋಟಿ, ಇಂಗ್ಲಿಷ್‌ನ ಬಿಲಿಯನ್ ಅಲ್ಲ. ನೂರು ಕೋಟಿಗೆ ಅವರು "ಸಾವಿರ ಮಿಲಿಯನ್" ಅನ್ನುತ್ತಾರೆ. ಪೋರ್ಚುಗಲ್‌ನಲ್ಲೂ ಹೀಗೇ. ಆದರೆ ಬ್ರೆಜಿಲ್‌ನಲ್ಲಿ ಬಿಲ್ಯಾವ್ ಅಂದರೆ ನೂರು ಕೋಟಿಯೇ. ಅಂದರೆ ಒಂದೇ ಭಾಷೆಯ ಎರಡು ದೇಶದ ನಡುವೆ ಸಾವಿರ ಪಟ್ಟು ವ್ಯತ್ಯಾಸ! ಬಜೆಟ್ ಸುದ್ದಿ ಓದುವಾಗ ಮೂಲ ಪಠ್ಯದ ಆ ಸಾಲನ್ನು ಒಮ್ಮೆ ಕಣ್ಣಾರೆ ನೋಡಿ. ಡಾಲರ್ ಗುರುತು ಕಂಡ ಕೂಡಲೇ ಡಾಲರ್ ಅಂದುಕೊಳ್ಳುವುದೂ ಬೇಡ. ಅರ್ಜೆಂಟೀನಾ, ಚಿಲಿ, ಕೊಲಂಬಿಯಾ, ಮೆಕ್ಸಿಕೋದಲ್ಲಿ ಅದೇ ಗುರುತು ಪೆಸೊಗೆ. ಡಾಲರ್ ಆಗಿದ್ದರೆ ಸಾಮಾನ್ಯವಾಗಿ ಮುಂದೆ ಯುಎಸ್ ಅಂತ ಸೇರಿಸಿರುತ್ತಾರೆ.

ಟಿವಿ ನೋಡುವುದಾದರೆ

ನೇರ ಪ್ರಸಾರಕ್ಕೆ ಅರ್ಜೆಂಟೀನಾದ ಟಿಎನ್, ಅದಕ್ಕೆ ಎದುರಾಳಿ ಸಿ5ಎನ್, ಮೆಕ್ಸಿಕೋದ ಮಿಲೇನಿಯೊ ಎಲ್ಲ ಯೂಟ್ಯೂಬ್‌ನಲ್ಲೇ ಇವೆ. ಸ್ಪೇನ್‌ನ ಸರ್ಕಾರಿ ಆರ್‌ಟಿವಿಇ, ಪೋರ್ಚುಗಲ್‌ನ ಆರ್‌ಟಿಪಿ ಎರಡಕ್ಕೂ ಸ್ವಂತ ತಾಣ ಇದೆ, ವಾರ್ತೆ ಸಿಗುತ್ತದೆ, ಸಿನಿಮಾ-ಕ್ರೀಡೆಗೆ ಹೊರದೇಶದವರಿಗೆ ಬೀಗ ಹಾಕಿರುತ್ತಾರೆ. ಆರ್‌ಟಿವಿಇಯಲ್ಲಿ 2010ರಿಂದ ಜಾಹೀರಾತೇ ಇಲ್ಲ, ಅದೊಂದು ದೊಡ್ಡ ಸುಖ. ಆದರೆ ಸರ್ಕಾರ ಬದಲಾದರೆ ಅದರ ಮುಖ್ಯಸ್ಥರ ಕುರ್ಚಿಗೆ ಗುದ್ದಾಟ ಶುರು.

ಖಾಸಗಿಯಲ್ಲಿ ಒಂದು ವಿಚಿತ್ರ ಗಮನಿಸಿ. ಸ್ಪೇನ್‌ನ ಆಂತೆನಾ 3 ಮತ್ತು ಲಾಸೆಕ್ಸ್ತಾ ಒಂದೇ ಕಂಪನಿಯವು. ಎರಡನೆಯದರ ವೀಕ್ಷಕರು ಎಡಪಂಥೀಯರು. ಆ ಕಂಪನಿಯ ಹಿಂದಿರುವ ಪ್ಲನೇತಾ ಗುಂಪೇ ಲಾ ರಸೋನ್ ಅನ್ನುವ ಬಲಪಂಥೀಯ ಪತ್ರಿಕೆಯನ್ನೂ ನಡೆಸುತ್ತದೆ. ಎರಡೂ ಕಡೆಯ ಗಿರಾಕಿಗಳು ಒಂದೇ ಅಂಗಡಿಗೆ. ಮೆಕ್ಸಿಕೋದಲ್ಲಿ ಟೆಲೆವಿಸಾ ಹಿಂದಿನ ಮಾಲೀಕ ಎಮಿಲಿಯೊ ಅಸ್ಕಾರಗಾ ಮಿಲ್ಮೊ ಇಷ್ಟೂ ಮುಚ್ಚುಮರೆ ಮಾಡಲಿಲ್ಲ, ಅಧಿಕಾರದಲ್ಲಿದ್ದ ಪಿಆರ್‌ಐ ಪಕ್ಷದ ಸೈನಿಕ ನಾನು ಅಂತ ಬಹಿರಂಗವಾಗೇ ಹೇಳಿಕೊಂಡಿದ್ದರು. 2022ರಲ್ಲಿ ಟೆಲೆವಿಸಾದ ಕಾರ್ಯಕ್ರಮ ವಿಭಾಗ ಅಮೆರಿಕದ ಯುನಿವಿಷನ್ ಜೊತೆ ಸೇರಿಕೊಂಡಿತು.

ಕ್ರೀಡಾ ಪತ್ರಿಕೆಗೆ ಎರಡೇ ಮಾತು ಸಾಕು. ಸ್ಪೇನ್‌ನಲ್ಲಿ ಮಾರ್ಕಾ, ಎಎಸ್ ಮ್ಯಾಡ್ರಿಡ್ ಕಡೆ, ಸ್ಪೋರ್ತ್, ಮುಂದೊ ದೆಪೋರ್ತಿವೊ ಬಾರ್ಸಿಲೋನಾ ಕಡೆ. ಪೋರ್ಚುಗಲ್‌ನಲ್ಲಿ "ಆ ಬೋಲಾ" ಅನ್ನುವ ಪತ್ರಿಕೆ ಬೆನ್‌ಫಿಕಾ ಕ್ಲಬ್ಬಿಗೆ, "ಓ ಜೋಗು" ಪೋರ್ತೊ ಕ್ಲಬ್ಬಿಗೆ. ಆಟಗಾರ ಬರುತ್ತಾನೆ, ಹೋಗುತ್ತಾನೆ ಅನ್ನುವ ವರ್ಗಾವಣೆ ಸುದ್ದಿಯನ್ನು ಎದುರಾಳಿ ಊರಿನ ಪತ್ರಿಕೆಯೂ ಬರೆದ ಮೇಲೆ ನಂಬಿ.

ಪೋರ್ಚುಗಲ್‌ನ ಗಂಭೀರ ಸುದ್ದಿಗೆ 1990ರ ಪುಬ್ಲಿಕೊ, ವಾರಕ್ಕೊಮ್ಮೆ ಬರುವ ಎಕ್ಸ್‌ಪ್ರೆಸ್ಸೊ. ಕೊರೇಯೊ ದ ಮಾನ್ಯಾ ಕೊಲೆ-ಕಳ್ಳತನದ ಮೇಲೆ ಬದುಕುತ್ತದೆ, ಖರ್ಚಾಗುವುದೂ ಅದೇ.

ಆಫ್ರಿಕಾದ ಪೋರ್ಚುಗೀಸ್ ದೇಶಗಳಿಗೆ ಸ್ವಲ್ಪ ತಾಳ್ಮೆ ಬೇಕು. ಜೋರ್ನಲ್ ದೆ ಅಂಗೋಲಾ ಸರ್ಕಾರದ್ದು, ಅಧ್ಯಕ್ಷರು ಎಲ್ಲಿ ಏನು ಉದ್ಘಾಟಿಸಿದರು ಅನ್ನುವುದಕ್ಕೆ ಅದನ್ನು ನೋಡಿ. ಉಳಿದದ್ದಕ್ಕೆ ಪೋರ್ಚುಗಲ್‌ನ ಲುಸಾ ಸುದ್ದಿಸಂಸ್ಥೆ, ಆರ್‌ಟಿಪಿ ಆಫ್ರಿಕಾ ಮತ್ತು ಜರ್ಮನಿಯ ಡಾಯ್ಚ ವೆಲ್ಲೆಯ ಪೋರ್ಚುಗೀಸ್ ವಿಭಾಗ. ಮೊಜಾಂಬಿಕ್‌ನಲ್ಲಿ ದಿನಪತ್ರಿಕೆ ನೊತೀಸಿಯಾಸ್ ಸರ್ಕಾರಕ್ಕೆ ಹತ್ತಿರ, ವಾರಪತ್ರಿಕೆ ಸವಾನಾ ಸ್ವತಂತ್ರ. ಸವಾನಾ ಹುಟ್ಟಿದ ಪೀಳಿಗೆಯ ಕಾರ್ಲೋಸ್ ಕಾರ್ದೊಸೊ 1990ರ ದಶಕದಲ್ಲಿ ಫ್ಯಾಕ್ಸ್‌ನಲ್ಲಿ ಚಂದಾದಾರರಿಗೆ ಪತ್ರಿಕೆ ಕಳಿಸುತ್ತಿದ್ದರು, ಬ್ಯಾಂಕ್ ಹಗರಣ ಬೆನ್ನಟ್ಟಿದ್ದಕ್ಕೆ 2000ದ ನವೆಂಬರ್‌ನಲ್ಲಿ ಅವರನ್ನು ರಾಜಧಾನಿ ಮಪುತೊದ ಬೀದಿಯಲ್ಲಿ ಕೊಂದರು. ಆ ಕೊಲೆಯ ವಿಚಾರಣೆ ಟಿವಿಯಲ್ಲಿ ನೇರ ಪ್ರಸಾರವಾಯಿತು. ಇಲ್ಲಿನ ಪತ್ರಿಕೆಗಳ ತಾಣ ಕೆಲವೊಮ್ಮೆ ತೆರೆಯುವುದೇ ಇಲ್ಲ, ಆಗ ಅವುಗಳ ಫೇಸ್‌ಬುಕ್ ಪುಟ ನೋಡಿ, ಅಲ್ಲಿ ಸುದ್ದಿ ಮೊದಲೇ ಬಂದಿರುತ್ತದೆ.